ತಾಟಿನಲ್ಲಿಟ್ಟು ಕೊಟ್ಟ ಮಾರ್ಕ್ಸ್ ಕಾರ್ಡು

ನನ್ನ ದೊಡ್ಡಪ್ಪ ಮೂಡಲಗಿಯಲ್ಲಿ ಬೆಲ್ಲದ ವ್ಯಾಪಾರಿ. ಪೆಂಟೆ ಒಡೆಸದೆ, ಚೂರು ಬಾಯಿಗೆ ಹಾಕಿಕೊಳ್ಳದೆ, ಬೆಳಕಿಗೆ ಹಿಡಿದು ಬಣ್ಣ ನೋಡದೆ ಅವರು ಒಂದು ಗಾಡಿ ಬೆಲ್ಲವನ್ನಾದರೂ ಇಳಿಸಿಕೊಂಡದ್ದನ್ನು ನಾನು ಕಂಡಿಲ್ಲ. ಅಂಥ ಮನುಷ್ಯ, ನನ್ನನ್ನು ಓದಲು ವಿದೇಶಕ್ಕೆ ಕಳಿಸುವ ಕನ್ಸಲ್ಟಂಟನನ್ನು ಆರಿಸುವಾಗ ಕೇಳಿದ್ದು ಒಂದೇ ಪ್ರಶ್ನೆ: "ಯಾವ ಮನಿತನರಿ ನಿಮ್ಮದು?"

ಆತ ಹುಕ್ಕೇರಿ ಕಡೆಯವನು. ನಮ್ಮದೇ ಮಂದಿ. ಅವನ ಸೋದರತ್ತೆಯನ್ನು ನಮ್ಮ ಬೀಗರ ಬೀಗರ ಮನೆಗೆ ಕೊಟ್ಟಿದ್ದರಂತೆ. ಹಣೆಯ ಮೇಲೆ ಅಚ್ಚುಕಟ್ಟಾದ ವಿಭೂತಿ, ಗೋಕಾಕದಲ್ಲಿ ಗಾಜಿನ ಬಾಗಿಲಿನ ಆಫೀಸು, ಗೋಡೆ ತುಂಬ ದೇಶ ದೇಶದ ಬಾವುಟ. ಮುಗಿಯಿತಲ್ಲ! "ಅಂವಾ ನಮ್ಮವಾ," ಎಂದುಬಿಟ್ಟರು ದೊಡ್ಡಪ್ಪ. ನಮ್ಮ ಮನೆಯಲ್ಲಿ ಆ ಮಾತು ಬಂತೆಂದರೆ ಮುಂದೆ ಯಾರೂ ಏನೂ ಕೇಳುವ ಹಾಗಿಲ್ಲ.

ನಾನು ದಿನಾ ಬಸ್ಸಿನಲ್ಲಿ ಅರಭಾವಿಗೆ ಹೋಗಿ ಬಂದು ತೋಟಗಾರಿಕೆ ಓದಿದವಳು. ಮುಂದೆ ಓದಬೇಕೆಂದು ಹಟ ಹಿಡಿದದ್ದು ಒಂದೇ ವಿಷಯ: ಕೊಯ್ದ ಹಣ್ಣು, ತರಕಾರಿ ಕೆಡದಂತೆ ಕಾಯುವುದು ಹೇಗೆ. ದರ ಬಿದ್ದ ದಿನ ರೈತರು ಟೊಮೆಟೊವನ್ನು ರಸ್ತೆಯ ಪಕ್ಕ ಸುರಿದು ಹೋಗುವುದನ್ನು ಚಿಕ್ಕಂದಿನಿಂದ ನೋಡಿ ನನ್ನ ಹೊಟ್ಟೆ ಉರಿದಿತ್ತು. ನೆದರ್ಲ್ಯಾಂಡ್ಸಿನಲ್ಲಿ ಅದಕ್ಕೆಂದೇ ಒಳ್ಳೆಯ ಕೋರ್ಸು ಇದೆ ಎಂದು ನನ್ನ ಮೇಡಂ ಹೇಳಿದ್ದರು. ಬೇರೇನನ್ನೋ ಓದುವುದಾದರೆ ಅಷ್ಟು ದೂರ ನಾನ್ಯಾಕೆ ಹೋಗಲಿ?

ಕನ್ಸಲ್ಟಂಟ್ ಒಂದು ಭಾನುವಾರ ಮನೆಗೆ ಊಟಕ್ಕೆ ಬಂದ. ಊಟವಾದ ಮೇಲೆ ದೊಡ್ಡಪ್ಪ ಹಿತ್ತಾಳೆ ತಾಟಿನಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟರು. ಅದರ ಮೇಲೆ ನನ್ನ ಮಾರ್ಕ್ಸ್ ಕಾರ್ಡುಗಳನ್ನೆಲ್ಲ ಇಟ್ಟರು, ಒರಿಜಿನಲ್ಲುಗಳನ್ನು! ಕುಂಕುಮ ಬೇರೆ ಹಚ್ಚಿದರು. ನಾನು ನಡುವೆ ಬಾಯಿ ಹಾಕಿದೆ.

"ದೊಡ್ಡಪ್ಪಾ, ಝೆರಾಕ್ಸ್ ಸಾಕಲ್ರಿ. ಒರಿಜಿನಲ್ ಕೊಡೂದಾದ್ರ ಒಂದು ಪಾವತಿ ಚೀಟಿನಾದ್ರೂ ಬರಸ್ಕೋರಿ."

"ಪಾವತಿ? ನಮ್ಮ ಮಂದಿ ಕಡೆ?" ದೊಡ್ಡಪ್ಪನ ಮುಖ ಕೆಂಪಾಯಿತು. ಆತ ನಗುತ್ತ ಎರಡೂ ಕೈಯಲ್ಲಿ ತಾಟು ಹಿಡಿದುಕೊಂಡು, "ಇರ್ಲಿ ಬಿಡ್ರಿ ಸಾವಕಾರ, ತಂಗಿ ಇನ್ನೂ ಸಣ್ಣಾಕಿ," ಎಂದ. "ಸಾಖರಪುಡಿ ಆದಂಗಾತ ನೋಡ್ರಿ ಇನ್ನ!" ಎಂದರು ದೊಡ್ಡಪ್ಪ. ನಮ್ಮ ಕಡೆ ಸಾಖರಪುಡಿ ಎಂದರೆ ಮದುವೆಯ ನಿಶ್ಚಯ. ಅದಾದ ಮೇಲೆ ಮಾತು ಮುರಿದವರ ಮನೆಯ ಕಡೆ ಜನ ತಿರುಗಿ ನೋಡುವುದಿಲ್ಲ. ಎಲ್ಲರೂ ನಕ್ಕರು. ನನ್ನ ಅಪ್ಪ ಬಾಗಿಲ ಹತ್ತಿರ ಕೂತಿದ್ದ. ಅಣ್ಣನ ಎದುರು ಅಪ್ಪ ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಅವತ್ತೂ ಸುಮ್ಮನೆ ಎಲೆಗೆ ಸುಣ್ಣ ಹಚ್ಚುತ್ತಿದ್ದ.

ಸ್ವಲ್ಪ ದಿನದಲ್ಲೇ ಆತನ ರಾಗ ಬದಲಾಯಿತು. ಹಣ್ಣು ತರಕಾರಿ ಓದಿದರೆ ಭವಿಷ್ಯ ಇಲ್ಲವಂತೆ, ಬಿಸಿನೆಸ್ ಮ್ಯಾನೇಜ್‌ಮೆಂಟ್ ಓದಬೇಕಂತೆ. ಅದೂ ಬೇರೆ ದೇಶದಲ್ಲಿ, ನಾನು ಹೆಸರೇ ಕೇಳದ ಕಾಲೇಜಿನಲ್ಲಿ. "ಯಮಕನಮರಡಿ ಹುಡುಗಿನ್ನ ಅಲ್ಲಿಗೇ ಕಳಿಸೇನಿ, ಆರಾಮ ಅದಾಳ," ಎಂದು ಮಾತು ಮಾತಿಗೂ ಹೇಳುತ್ತಿದ್ದ.

ಒಂದು ಹೆಣ್ಣು ಕೊಡುವ ಮುಂಚೆ ನಮ್ಮವರು ಹೇಳದೆ ಕೇಳದೆ ಗಂಡಿನ ಊರಿಗೆ ಹೋಗಿ, ಪಕ್ಕದ ಮನೆಯಲ್ಲಿ, ಚಹಾದ ಅಂಗಡಿಯಲ್ಲಿ, ಹಿಟ್ಟಿನ ಗಿರಣಿಯಲ್ಲಿ ವಿಚಾರಿಸಿಕೊಂಡು ಬರುತ್ತಾರೆ. ಹಾಗಿದ್ದರೆ ನನಗೇನು ಅಡ್ಡಿ? ಬಸ್ಸು ಹತ್ತಿ ಯಮಕನಮರಡಿಗೆ ಹೋದೆ. ಹೆದ್ದಾರಿಯ ಅಂಗಡಿಗಳಲ್ಲಿ ಕೇಳಿಕೊಂಡು ಆ ಹುಡುಗಿಯ ಮನೆ ಹುಡುಕಿದೆ. ಅವಳ ತಾಯಿ ನನ್ನನ್ನು ಮಗಳ ಗೆಳತಿಯ ಹಾಗೆ ಒಳಗೆ ಕರೆದು, ವಿಡಿಯೊ ಕಾಲ್ ಹಚ್ಚಿ, ಫೋನು ನನ್ನ ಕೈಗಿಟ್ಟು ಚಹಾ ಮಾಡಲು ಹೋದಳು.

ಹುಡುಗಿ ಮೊದಲು ಎಲ್ಲ ಛಲೋ ಎಂದಳು. ತಾಯಿ ಒಳಗೆ ಹೋದಳೇ ಎಂದು ಕೇಳಿದಳು. ಹೌದೆಂದೆ. ಅವಳ ದನಿ ಇಳಿಯಿತು.

"ನಾ ಓದಾಕ ಬಂದಿದ್ದು ಆಹಾರದ ವಿಜ್ಞಾನ ಅಕ್ಕಾ. ಇಲ್ಲಿ ಬಂದ ಮ್ಯಾಲ ಗೊತ್ತಾತು, ಹೋಟೆಲ್ ಮ್ಯಾನೇಜ್‌ಮೆಂಟಿಗೆ ಹಾಕ್ಯಾನ. ಅಂವಗ ಈ ಕಾಲೇಜಿನವ್ರು ಕಮಿಷನ್ ಕೊಡ್ತಾರ, ಅದಕ್ಕ ಎಲ್ಲಾರ್ನೂ ಇಲ್ಲಿಗೇ ದಬ್ಬತಾನ. ನಿನಗ ಕಮಿಷನ್ ಕೊಡಲಾರದ ಒಂದು ಕಾಲೇಜಿನ ಹೆಸರು ಹೇಳು ಅಂತ ಕೇಳ್ರಿ ಅವನ್ನ. ನಾ ಕೇಳಲಿಲ್ಲ. ನಮ್ಮವಾ ಅಂತ ಸುಮ್ಮನಾದೆ." ಆಮೇಲೆ ಕಣ್ಣು ಒರೆಸಿಕೊಂಡು, "ನಮ್ಮವ್ವಗ ಹೇಳಬ್ಯಾಡ್ರಿ," ಎಂದಳು. ಅವಳ ಅವ್ವ ಚಹಾ ತಂದು, ನನ್ನ ಮಗಳು ವಿಜ್ಞಾನಿ ಆಗಾಕತ್ಯಾಳ ಎಂದು ಹಿಗ್ಗಿ ಹೇಳಿದಳು. ಹೌದವ್ವಾ ಎಂದು ಚಹಾ ಕುಡಿದು ಎದ್ದೆ.

ಮನೆಗೆ ಬಂದು ದೊಡ್ಡಪ್ಪನಿಗೆ, ಆ ಹುಡುಗಿಯನ್ನು ಬೇರೆ ಕೋರ್ಸಿಗೆ ಹಾಕಿ ಮೋಸ ಮಾಡಿದ್ದಾನೆ, ನನ್ನ ಕಾರ್ಡು ತಿರುಗಿ ತರಿಸಿ ಎಂದೆ. "ಮಂದಿ ಮಾತು ಕೇಳಿ ಬಂದಿ ಏನು? ತಾಟಿನ್ಯಾಗ ಇಟ್ಟು ಕೊಟ್ಟಿದ್ದನ್ನ ಬಾಯಿ ಬಿಟ್ಟು ಹೆಂಗ ಬೇಡ್ಲಿ? ನನ್ನ ಮಾತಿಗೆ ಕಿಮ್ಮತ್ತ ಇಲ್ಲೇನು?" ಎಂದರು. ನನ್ನ ಓದಿಗೆ ಕಿಮ್ಮತ್ತು ಇಲ್ಲವೇ ಎಂದು ಯಾರೂ ಕೇಳಲಿಲ್ಲ. ಸರಿ, ನಾನೇ ಕೇಳುತ್ತೇನೆ ಎಂದು ಮರುದಿನ ಗೋಕಾಕಕ್ಕೆ ಹೋದೆ.

ಆಫೀಸಿನಲ್ಲಿ ಜನ ತುಂಬಿತ್ತು. ನಾನು ಎಲ್ಲರ ಎದುರಿಗೇ ಕೇಳಿದೆ. "ನಿಮಗ ಕಮಿಷನ್ ಕೊಡಲಾರದ ಒಂದು ಕಾಲೇಜಿನ ಹೆಸರು ಹೇಳ್ರಿ."

ಆತ ನಕ್ಕ. "ಏನ್ ತಂಗಿ, ಮನಿಯವ್ರು ಇದ್ದಂಗ ಇದ್ದು ಇಂಥಾ ಮಾತ ಆಡ್ತಿ?"

"ಹೆಸರು ಹೇಳ್ರಿ."

ಆತ ಟೇಬಲ್ಲಿನ ಮೇಲಿನ ಕಾಗದ ಜೋಡಿಸತೊಡಗಿದ.

"ಹಂಗಾದ್ರ ನನ್ನ ಮಾರ್ಕ್ಸ್ ಕಾರ್ಡ್ ಕೊಡ್ರಿ."

"ಕೊಟ್ಟಾವ್ರು ನಿಮ್ಮ ದೊಡ್ಡಪ್ಪಾರು. ಅವ್ರು ಬಂದು ಕೇಳ್ಲಿ, ಕೊಡ್ತೇನಿ."

ದೊಡ್ಡಪ್ಪ ಬರುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನನ್ನ ನೆತ್ತಿಗೆ ಸಿಟ್ಟು ಏರಿತು. "ಪರೀಕ್ಷೆ ಬರದಾಕಿ ನಾನು. ಹೆಸರು ನನ್ನದ ಐತಿ ಅದರಾಗ. ಕೊಡೂತನಕ ಇಲ್ಲಿಂದ ಏಳೂದಿಲ್ಲ," ಎಂದು ಕುರ್ಚಿ ಎಳೆದು ಅವನ ಟೇಬಲ್ಲಿನ ಎದುರು ಕೂತೆ. ಆತ ಫೋನು ನೋಡುವ ನಾಟಕ ಮಾಡಿದ. ನಾನು ಹಿಂದೆ ತಿರುಗಿ, ಕಾಯುತ್ತಿದ್ದವರ ಜೊತೆ ಮಾತಿಗೆ ಇಳಿದೆ. ತುಕ್ಕಾನಟ್ಟಿಯಿಂದ ಬಂದಿದ್ದ ಒಬ್ಬರು ಮಗಳ ಫೈಲನ್ನು ಎದೆಗೆ ಒತ್ತಿ ಹಿಡಿದು ಕೂತಿದ್ದರು.

"ಒರಿಜಿನಲ್ ತಂದೀರೇನ್ರಿ ಕಾಕಾ?"

"ಹೌದವಾ. ತಗೊಂಡ ಬರ್ರಿ ಅಂದಿದ್ರು."

"ಕೊಡಬ್ಯಾಡ್ರಿ. ನನ್ನವು ಸಿಕ್ಕೊಂಡು ಕುಂತಾವ, ಬಿಡಿಸ್ಕೊಳ್ಳಾಕ ಬಂದೇನಿ."

ಅವರು ನನ್ನನ್ನು ನೋಡಿದರು, ಅವನನ್ನು ನೋಡಿದರು. "ಖರೆ ಏನ್ರಿ ಸಾಹೇಬ್ರ?" ಎಂದರು. ಆತ ಉತ್ತರ ಕೊಡುವ ಮೊದಲೇ ಎದ್ದು, ಫೈಲು ಬಗಲಲ್ಲಿ ಇಟ್ಟುಕೊಂಡು, ಮಗಳ ಕೈ ಹಿಡಿದು ಹೊರಟರು. ಅವರ ಹಿಂದೆ ಇನ್ನೊಂದು ಮನೆಯವರೂ ಎದ್ದರು. ಆಗ ನೋಡಬೇಕಿತ್ತು ಆತನ ಗಡಿಬಿಡಿ! ಕಪಾಟು ತೆಗೆದು ನನ್ನ ಕಾರ್ಡುಗಳನ್ನು ಟೇಬಲ್ಲಿನ ಮೇಲೆ ಒಗೆದ. "ತಗೊಂಡ ಹೋಗವಾ, ಹೋಗ ಮೊದ್ಲ," ಎಂದ. ನಾನು ಒಂದೊಂದನ್ನೂ ನಿಧಾನವಾಗಿ ನೋಡಿ, ಎಲ್ಲ ಇವೆ ಎಂದು ಖಾತ್ರಿ ಮಾಡಿಕೊಂಡೇ ಎದ್ದೆ.

ಆಮೇಲೆ ಬೆಳಗಾವಿಯಲ್ಲಿ ಒಬ್ಬ ಹೆಂಗಸನ್ನು ಕಂಡೆ. ಆಕೆಯೂ ಇದೇ ಕೆಲಸದವಳು. ಇದೇ ಪ್ರಶ್ನೆ ಕೇಳಿದೆ. ಆಕೆ ಸಿಟ್ಟಾಗಲಿಲ್ಲ. ಯಾವ ಕಾಲೇಜಿನಿಂದ ತನಗೆ ಕಮಿಷನ್ ಬರುತ್ತದೆ, ಯಾವುದರಿಂದ ಇಲ್ಲ ಎಂದು ಹೇಳಿದಳು. ನಿನಗೆ ಬೇಕಾದದ್ದು ನನಗೆ ಏನೂ ಕೊಡದ ಕಾಲೇಜು, ಅದಕ್ಕೆ ಫೀ ನೀನೇ ನನಗೆ ಕೊಡಬೇಕು, ಆದರೆ ಇಂಗ್ಲಿಷ್ ಪರೀಕ್ಷೆಯಲ್ಲಿ ನಿನ್ನ ಅಂಕ ಸಾಲದು, ಈ ವರ್ಷ ಆಗುವುದಿಲ್ಲ, ಹೋಗಿ ಓದು ಎಂದಳು. ಆಗುವುದಿಲ್ಲ ಎಂದು ನನ್ನ ಮುಖಕ್ಕೇ ಹೇಳಿದವಳನ್ನು ನಾನು ನಂಬಿದೆ. ಒಂದು ವರ್ಷ ದಂಡವಾಯಿತೆಂದು ಬೀಗರೆಲ್ಲ ಆಡಿಕೊಂಡರು. ಆಡಿಕೊಳ್ಳಲಿ! ವರ್ಷ ನನ್ನದು.

ಆ ವರ್ಷವಿಡೀ ದೊಡ್ಡಪ್ಪ ನನ್ನ ಜೊತೆ ಮಾತು ಬಿಟ್ಟಿದ್ದರು. ಮರುವರ್ಷ ನನಗೆ ಬೇಕಾದ ಕೋರ್ಸಿನಲ್ಲೇ ಸೀಟು ಸಿಕ್ಕಿತು. ಅವತ್ತು ಮನೆಮಂದಿಯನ್ನೆಲ್ಲ ಪಡಸಾಲೆಗೆ ಕರೆದು ದೊಡ್ಡಪ್ಪ ಹೇಳಿದರು: "ಸೀಟ್ ಸಿಕ್ತು, ಛಲೋ ಆತು. ಆದ್ರ ನಮ್ಮ ಮಂದಿ ಮುಂದ ನಾ ತಲಿ ಎತ್ತಬೇಕಲ್ಲ? ಹೋಗೂ ಮುಂಚೆ ಗೋಕಾಕಕ್ಕ ಹೋಗಿ ಅಂವಗ ತಪ್ಪಾತು ಅಂದು ಬಾ."

ನಾನು ಬಾಯಿ ತೆಗೆಯುವಷ್ಟರಲ್ಲಿ ಬಾಗಿಲ ಹತ್ತಿರದಿಂದ ಅಪ್ಪನ ದನಿ ಬಂತು.

"ಆಕಿ ಅನ್ನೂದಿಲ್ಲಣ್ಣಾ. ಅನಬ್ಯಾಡ ಅಂತ ನಾನ ಹೇಳೇನಿ."

ದೊಡ್ಡಪ್ಪ ತಮ್ಮನನ್ನು ದಿಟ್ಟಿಸಿ ನೋಡಿದರು. ಅಪ್ಪ ತಲೆ ಕೆಳಗೆ ಹಾಕಲಿಲ್ಲ. ಅಪ್ಪ ನನಗೆ ಹಾಗೆ ಹೇಳಿರಲೇ ಇಲ್ಲ.