ಕಮಲಿಯನ್ನು ಹಿಂದಿನಿಂದ ಕರೆದವರು ಯಾರು

ಕಣಿ ಹೇಳುವವರು ಬೀದಿಗೆ ಬಂದರೆ ನಾನು ಬಾಗಿಲು ಹಾಕಿಕೊಳ್ಳುತ್ತಿದ್ದವಳು. ಪಕ್ಕದ ಮನೆಯಾಕೆ ಮೈಮೇಲೆ ದೇವರು ಬಂದಿದೆ ಎಂದು ಕುಣಿದಾಗ ಒಂದು ಚೊಂಬು ತಣ್ಣೀರು ಎರಚಿ ಕೂರಿಸಿದವಳೂ ನಾನೇ. ಓದಿದ್ದು ನಾಲ್ಕನೇ ಕ್ಲಾಸು. ಆದರೂ ಕಣ್ಣಿಗೆ ಕಂಡದ್ದು ಮಾತ್ರ ನಿಜ ಎನ್ನುವಷ್ಟು ಬುದ್ಧಿ ನನಗಿದೆ ಅಂದುಕೊಂಡಿದ್ದೆ. ಈಗ ಹೇಳುವುದು ಕಣ್ಣಿಗೆ ಕಂಡದ್ದೇ. ತೊಂದರೆ ಇರುವುದೂ ಅಲ್ಲಿಯೇ. ಬೇರೆ ಯಾರಾದರೂ ನನಗಿದನ್ನು ಹೇಳಿದ್ದರೆ ಸುಳ್ಳು ಎಂದು ಎದ್ದು ಹೋಗುತ್ತಿದ್ದೆ. ನೀವೂ ಹಾಗೆ ಮಾಡಿದರೆ ನನಗೆ ಬೇಜಾರಿಲ್ಲ.

ಒಂದು ಪದ್ಧತಿಯನ್ನು ಮಾತ್ರ ನಾನು ಬಿಟ್ಟಿರಲಿಲ್ಲ. ಹೊಸ್ತಿಲು ದಾಟಿ ಹೊರಟವರನ್ನು ಹಿಂದಿನಿಂದ ಕರೆಯಬಾರದು. ಕರೆದರೆ ಅವರು ಮತ್ತೆ ಒಳಗೆ ಬಂದು, ಕೂತು, ಒಂದು ಲೋಟ ನೀರು ಕುಡಿದೇ ಹೊರಡಬೇಕು. ಇದು ನಂಬಿಕೆಯೋ ಅಭ್ಯಾಸವೋ ಎಂದು ನಾನು ಯೋಚಿಸಿದವಳಲ್ಲ. ನಮ್ಮವ್ವ ಮಾಡುತ್ತಿದ್ದಳು, ನಾನೂ ಮಾಡುತ್ತಿದ್ದೆ. ಮಗ ಕೆಲಸಕ್ಕೆ ಹೊರಟು ಗೇಟು ದಾಟಿದ ಮೇಲೆ ಸೊಸೆ ಸುಧಾ "ರೀ, ಬರ್ತಾ ಕರಿಬೇವು ತನ್ನಿ" ಎಂದು ಕೂಗಿದ್ದಕ್ಕೆ ಒಂದು ವಾರ ಬೈದಿದ್ದೆ.

ಇದು ನಡೆದದ್ದು ಮೈಸೂರು ರೋಡಿನಲ್ಲಿ ಮೆಟ್ರೋ ಕಂಬಗಳು ಏಳುವುದಕ್ಕೆ ಕೆಲವು ವರ್ಷ ಮುಂಚೆ. ಬಾಪೂಜಿ ನಗರದಲ್ಲಿ ನಮ್ಮದು ಕೆಳಗಿನ ಮನೆ. ಅದರ ಹಿಂದಿನ ಕೋಣೆಯಲ್ಲಿ ನನ್ನ ತಂಗಿ ಕಮಲಿ ಇದ್ದಳು. ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಅವ್ವ ಸತ್ತಾಗ ಅವಳಿಗಿನ್ನೂ ಐದು. ಬೆಳೆಸಿದವಳು ನಾನು. ಗಂಡ ತೀರಿಕೊಂಡ ಮೇಲೆ ಮತ್ತೆ ನನ್ನ ಹತ್ತಿರವೇ ಬಂದಿದ್ದಳು. ವಿಜಯನಗರದ ಒಂದು ಟೈಲರ್ ಅಂಗಡಿಯಿಂದ ಬ್ಲೌಸುಗಳನ್ನು ತಂದು, ಇಬ್ಬರೂ ಹುಕ್ಸ್ ಹಾಕಿ, ಹೆಮ್ಮಿಂಗ್ ಮಾಡಿ ಕೊಡುತ್ತಿದ್ದೆವು. ಮಧ್ಯಾಹ್ನ ಊಟವಾದ ಮೇಲೆ ನಡುಮನೆಯಲ್ಲಿ ಚಾಪೆ ಹಾಸಿ, ಟೀವಿ ಹಾಕಿಕೊಂಡು ಸೂಜಿ ಹಿಡಿದರೆ ನಾಲ್ಕು ಗಂಟೆಯ ತನಕ ಅದೇ ಕೆಲಸ.

ಆಗ ನಮ್ಮ ಬೀದಿಯ ಕೇಬಲ್ಲಿನವನು ತನ್ನದೇ ಒಂದು ಚಾನೆಲ್ಲಿನಲ್ಲಿ ಸಿ.ಡಿ. ಹಾಕಿ ಪಿಕ್ಚರ್ ತೋರಿಸುತ್ತಿದ್ದ. ಆವತ್ತು ಎಲ್ಲಿಂದಲೋ ತಂದ ಹಳೇ ಇಂಗ್ಲಿಷ್ ಪಿಕ್ಚರ್ ಹಾಕಿದ್ದ. ಬಣ್ಣವೆಲ್ಲ ಮಾಸಿ, ಮನುಷ್ಯರ ಮುಖ ಅರಿಶಿನ ಬಳಿದ ಹಾಗಿತ್ತು. ಬಿ.ಎ. ಓದಿದ ಸುಧಾ ಕೈ ಒರೆಸಿಕೊಳ್ಳುತ್ತಾ ನಿಂತು ನೋಡಿದಳು. ಇದು ಥಿಯೇಟರಿಗೆ ಮಾಡಿದ್ದಲ್ಲ, ಅವರ ದೇಶದ ಟೀವಿಗೆ ಅಂತಲೇ ಮಾಡಿದ್ದು, ಮೂವತ್ತು ವರ್ಷವಾದರೂ ಆಗಿರಬೇಕು ಎಂದಳು.

"ಕಥೆ ಏನೇ?" ಎಂದು ಕೇಳಿದೆ.

"ಆ ವಿಜ್ಞಾನಿ ಹೆಂಡ್ತಿ ರಸ್ತೇಲಿ ಗಾಡಿಗೆ ಸಿಕ್ಕಿ ಸತ್ತೋಗಿದಾಳೆ ಅತ್ತೆ. ಅವನೊಂದು ಮಿಷಿನ್ ಮಾಡಿದಾನೆ. ಅದರೊಳಗೆ ಕೂತ್ರೆ ಕಳೆದುಹೋದ ದಿನಕ್ಕೆ ವಾಪಸ್ ಹೋಗ್ಬಹುದಂತೆ. ಹೋಗಿ ಅವಳನ್ನ ತಡೀಬೇಕು ಅಂತ ಅವನಿಗೆ."

ಮಿಷಿನ್ನು ನಮ್ಮ ಕಬ್ಬಿಣದ ಬೀರುವಿನಷ್ಟೇ ಇತ್ತು, ಮೈತುಂಬ ಬಲ್ಬುಗಳು. "ಹಂಗಾದ್ರೆ ನೀನೂ ಅದರಲ್ಲಿ ಕೂತು ಬೆಳಿಗ್ಗೆಗೆ ಹೋಗ್ಬಾ. ಸಾರಿಗೆ ಎರಡು ಸಲ ಉಪ್ಪು ಹಾಕಿದ್ಯಲ್ಲ" ಎಂದೆ.

"ಅಕ್ಕ ಹೋಗೋದಾದ್ರೆ ಬಾಯಿಗೆ ಬೀಗ ಹಾಕಿ ಕಳಿಸ್ಬೇಕು ಕಣೇ ಸುಧಾ. ಇಲ್ಲಾಂದ್ರೆ ಸತ್ತೋರಿಗೂ ಬೈದು ಬರ್ತಾಳೆ" ಎಂದು ಕಮಲಿ ನಕ್ಕಳು.

ಸುಧಾ ಒಳಗೆ ಹೋಗಿ ಮಲಗಿದಳು. ನಾವು ಕೆಲಸ ಮುಂದುವರಿಸಿದೆವು. ಸ್ವಲ್ಪ ಹೊತ್ತಿಗೆ ಕಮಲಿ ಬೆಳಕು ಸಾಲದು ಎಂದು ಚಾಪೆಯನ್ನು ಕಿಟಕಿಯ ಕಡೆಗೆ ಎಳೆದುಕೊಂಡಳು. ಪಿಕ್ಚರಿನ ದನಿಯೂ ನಿಂತಿತ್ತು. ಅವಳೇ ಕಡಿಮೆ ಮಾಡಿರಬೇಕು ಅಂದುಕೊಂಡೆ. ಇಂಗ್ಲಿಷ್ ಮಾತು ಕೇಳಿದರೆಷ್ಟು, ಬಿಟ್ಟರೆಷ್ಟು.

ತೆರೆಯ ಮೇಲೆ ಆ ಹೆಂಗಸು ಮನೆಯಿಂದ ಹೊರಟಿದ್ದಳು. ಕೈಯಲ್ಲಿ ಬಟ್ಟೆಯ ಚೀಲ. ಗಂಡ ಹಿಂದೆ ಬಾಗಿಲಲ್ಲಿ ನಿಂತಿದ್ದ. ಅವಳು ರಸ್ತೆಯ ನಡುವೆ ಹೋದಾಗ ಅವನು ಬಾಯಿ ಅಗಲಿಸಿ ಕೂಗಿದ. ಅವಳು ನಿಂತಳು. ತಿರುಗಿದಳು. ನಿಲ್ಲದೆ ಹೋಗಿದ್ದರೆ ದಾಟಿಬಿಡುತ್ತಿದ್ದಳು. ಒಂದು ದೊಡ್ಡ ಗಾಡಿ ಹಿಂದಕ್ಕೆ ಬರುತ್ತಾ ಅವಳನ್ನು ಕೆಡವಿತು. ಚೀಲ ಬಿದ್ದು, ಮಡಿಸಿದ ಬಟ್ಟೆಗಳು ರಸ್ತೆಯ ತುಂಬ ಹರಡಿದವು.

"ನೋಡೇ, ಕರೆದು ಕರೆದೇ ಕೊಂದ ಮುಂಡೇಗಂಡ. ಅದಕ್ಕೇ ನಾನು ಬಡ್ಕೊಳ್ಳೋದು, ಹಿಂದಿನಿಂದ ಕೂಗಬೇಡಿ ಅಂತ" ಎಂದೆ.

ಕಮಲಿ ಸೂಜಿಯಿಂದ ತಲೆ ಎತ್ತಿ ಟೀವಿ ನೋಡಿದಳು, ನನ್ನನ್ನು ನೋಡಿದಳು. "ಯಾರನ್ನಕ್ಕಾ?" ಎಂದಳು. ಗಮನ ಕೊಟ್ಟಿರಲಿಲ್ಲ ಎಂದುಕೊಂಡು ನಾನು ಮತ್ತೆ ಹೇಳಲಿಲ್ಲ.

ನಾಲ್ಕಕ್ಕೆ ಅವಳು ಬ್ಲೌಸುಗಳನ್ನು ಮಡಿಸಿ ಚೀಲಕ್ಕೆ ತುಂಬಿದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು, "ಬರ್ತೀನಕ್ಕಾ" ಎಂದು ಹೊಸ್ತಿಲು ದಾಟಿದಳು. ಆ ಚೀಲ, ಆ ಬೆನ್ನು ಪಿಕ್ಚರಿನ ಹೆಂಗಸಿನ ಹಾಗೆಯೇ ಇದ್ದವು. ಸುಳ್ಳು ಹೇಳುವುದಿಲ್ಲ, ಕರೆಯಬೇಕು ಎನಿಸಿತು. ಬಾಯಿಯವರೆಗೆ ಬಂತು. ಆದರೆ ಕರೆದರೇ ಸಾಯುತ್ತಾಳೆ ಎಂದು ಆಗಷ್ಟೇ ನೋಡಿದ್ದೆ. ನನ್ನ ಪದ್ಧತಿಯೂ ಅದನ್ನೇ ಹೇಳುತ್ತಿತ್ತು. ಹಲ್ಲು ಕಚ್ಚಿಕೊಂಡು ಕೂತೆ.

ಹತ್ತು ನಿಮಿಷವೂ ಆಗಿರಲಿಲ್ಲ, ಜನ ಓಡಿ ಬಂದರು. ನಮ್ಮ ಬೀದಿಯ ಮೂಲೆಯಲ್ಲಿ, ಹೊಸ ಕಟ್ಟಡಕ್ಕೆ ನೀರು ತಂದಿದ್ದ ಟ್ಯಾಂಕರ್ ಹಿಂದಕ್ಕೆ ಬರುವಾಗ ಕಮಲಿ ಅದಕ್ಕೆ ಸಿಕ್ಕಿದ್ದಳು. ನಾನು ಹೋದಾಗ ಉಸಿರಿರಲಿಲ್ಲ. ಬ್ಲೌಸುಗಳು ರಸ್ತೆಯ ತುಂಬ ಹರಡಿದ್ದವು.

ಹನ್ನೊಂದನೆಯ ದಿನದ ಕೆಲಸವೆಲ್ಲ ಮುಗಿದ ಮೇಲೆ ಸುಧಾಗೆ ಆ ಪಿಕ್ಚರಿನ ವಿಷಯ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. "ಅತ್ತೆ, ಆವತ್ತು ಎರಡೂವರೆಯಿಂದ ಕರೆಂಟೇ ಇರ್ಲಿಲ್ಲ. ನಾನು ಪೇಪರ್ ಬೀಸ್ಕೊಂಡು ಮಲಗಿದ್ದೆ. ಚಿಕ್ಕತ್ತೆ ಹೋದ್ಮೇಲೂ ಬಂದಿರ್ಲಿಲ್ಲ" ಎಂದಳು. ನಡುಮನೆಯಲ್ಲಿ ಫ್ಯಾನಿಲ್ಲ, ನನಗೆ ಅದರ ಗಾಳಿ ಆಗುವುದಿಲ್ಲ. ಹಾಗಾಗಿ ಕರೆಂಟ್ ಹೋದದ್ದು ನನಗೆ ಗೊತ್ತೇ ಆಗಿರಲಿಲ್ಲ. ಕಮಲಿ ಚಾಪೆ ಎಳೆದುಕೊಂಡದ್ದು ಆಗ ನೆನಪಾಯಿತು. ಆರಿದ ಟೀವಿಯ ಮುಂದೆ ಕೂತು ನಾನು ಯಾರನ್ನೋ ಬೈದಾಗ ಅವಳು ಏನೆಂದುಕೊಂಡಳೋ.

ಮಗನನ್ನು ಕಳಿಸಿ ಕೇಬಲ್ಲಿನವನನ್ನು ವಿಚಾರಿಸಿದೆ. ಅವನೂ ಅದನ್ನೇ ಹೇಳಿದ. ಪಿಕ್ಚರ್ ಅರ್ಧಕ್ಕೇ ನಿಂತಿತ್ತಂತೆ. ಸಿ.ಡಿ. ಕೊಟ್ಟು ಕಳಿಸಿದ. ಪಕ್ಕದ ಬೀದಿಯಿಂದ ಬಾಡಿಗೆಗೆ ಪ್ಲೇಯರ್ ತಂದು ಸುಧಾಳನ್ನು ಕೂರಿಸಿಕೊಂಡು ನೋಡಿದೆ.

ಆ ಪಿಕ್ಚರಿನಲ್ಲಿ, ಗಂಡ ಮಿಷಿನ್ನಿನಲ್ಲಿ ಕೂತು ಆ ದಿನಕ್ಕೆ ವಾಪಸ್ ಹೋದ ಮೇಲೆ, ಅವಳು ಸಾಯುವುದಿಲ್ಲ. ಗಂಡ ಬಾಗಿಲಲ್ಲೇ ನಿಂತು ಕೂಗುತ್ತಾನೆ, ಅವಳು ನಗುತ್ತಾ ವಾಪಸ್ ಬರುತ್ತಾಳೆ, ಗಾಡಿ ತನ್ನಷ್ಟಕ್ಕೆ ಹೋಗುತ್ತದೆ. ಬಟ್ಟೆಯ ಚೀಲವೂ ಇಲ್ಲ, ಏನೂ ಇಲ್ಲ. ನಾನು ನೋಡಿದ್ದು ಅದರಲ್ಲಿ ಎಲ್ಲೂ ಇರಲಿಲ್ಲ.

ಅಂದರೆ ನಾನು ಕರೆದಿದ್ದರೆ ಕಮಲಿ ಉಳಿಯುತ್ತಿದ್ದಳೇ? ನನಗೆ ತಲೆ ಕೆಟ್ಟಿತು. ಎದ್ದು ಹೋಗಿ ಹೊಸ್ತಿಲ ಮೇಲೆ ನಿಂತು, ಬೀದಿಗೆ ಕೇಳುವ ಹಾಗೆ, "ಕಮಲೀ, ನಿಂತ್ಕೊಳೇ. ನೀರು ಕುಡ್ಕೊಂಡು ಹೋಗೇ" ಎಂದು ಕೂಗಿದೆ. ಜೀವಮಾನದಲ್ಲಿ ಹೊರಟವರನ್ನು ಹಿಂದಿನಿಂದ ಕೂಗಿದ್ದು ಅದೊಂದೇ ಸಲ. ಸುಧಾ ನನ್ನನ್ನು ತಬ್ಬಿಕೊಂಡು ಒಳಗೆ ಕರೆತಂದಳು. ಇಷ್ಟೇ ಆಗಿದ್ದರೆ ದುಃಖಕ್ಕೆ ಬುದ್ಧಿ ಕೆಟ್ಟಿತ್ತು ಎಂದು ನಾನೇ ಹೇಳಿ ಸುಮ್ಮನಾಗುತ್ತಿದ್ದೆ.

ಆ ಮೂಲೆಯಲ್ಲಿ ಹೂವು ಮಾರುವ ರತ್ನಮ್ಮ, ಕಮಲಿ ಸತ್ತ ಮಾರನೆಯ ದಿನವೇ ಮಗಳ ಬಾಣಂತನಕ್ಕೆ ಊರಿಗೆ ಹೋಗಿದ್ದವಳು ಮೂರು ತಿಂಗಳಿಗೆ ಬಂದಳು. ಬಂದವಳೇ ನನ್ನ ಮನೆಗೆ ಬಂದು ಕೂತಳು. ಸುಧಾಳೂ ಅಲ್ಲೇ ಇದ್ದಳು.

"ನೀವೊಂದು ತಪ್ಪು ಮಾಡ್ಬಿಟ್ರಿ ಕಣಕ್ಕಾ" ಎಂದಳು. "ಅವಳು ದಾಟಿ ಹೋಗ್ತಿದ್ಲು. ನೀವು ಕೂಗಿದ್ರಲ್ಲ, ಅದಕ್ಕೇ ನಿಂತ್ಲು. 'ಏನಕ್ಕಾ?' ಅಂತ ತಿರುಗಿದ್ಲು. ಅಷ್ಟರಲ್ಲಿ ಟ್ಯಾಂಕರ್ ಬಂತು."

"ನಾನು ಕೂಗಲಿಲ್ಲ."

"ನಂಗೇ ಕೇಳ್ತಲ್ಲಕ್ಕಾ. ಪಕ್ಕದಲ್ಲೇ ನಿಂತು ಕೂಗಿದಂಗಿತ್ತು. 'ನಿಂತ್ಕೊಳೇ, ನೀರು ಕುಡ್ಕೊಂಡು ಹೋಗೇ' ಅಂದ್ರಿ. ನಾನೂ ತಿರುಗಿ ನೋಡ್ದೆ, ನೀವು ಕಾಣ್ಲಿಲ್ಲ."

ನಮ್ಮ ಮನೆಯಿಂದ ಆ ಮೂಲೆಗೆ ಹದಿನೈದು ಮನೆ ದಾಟಬೇಕು. ಸುಧಾ ಗೋಡೆಗೆ ಒರಗಿ ನಿಂತುಬಿಟ್ಟಳು. ಆವತ್ತು ಮನೆಯಲ್ಲಿ ಎಚ್ಚರವಾಗಿಯೇ ಮಲಗಿದ್ದವಳು ಅವಳು. ಕಮಲಿ ಹೊರಟಾಗ ನಾನು ಬಾಯಿ ಬಿಡಲಿಲ್ಲ ಎಂದು ಅವಳಿಗೆ ಗೊತ್ತು. ಸಿ.ಡಿ. ನೋಡಿದ ದಿನ ಅದೇ ಮಾತನ್ನು ಕೂಗಿದ್ದೂ ಗೊತ್ತು. ನಾನು ಕೂಗಿದ ಆ ದಿನ ರತ್ನಮ್ಮ ಇಲ್ಲಿರಲಿಲ್ಲ, ಬಾಣಂತನಕ್ಕೆ ಹೋದ ಊರಿನಲ್ಲಿದ್ದಳು. ನನ್ನ ಬಾಯಿಂದ ಆ ಮಾತು ಅವಳು ಕೇಳಿಸಿಕೊಳ್ಳಲು ಸಾಧ್ಯವೇ ಇರಲಿಲ್ಲ.

ಓದಿದವರನ್ನು ಕೇಳಿದೆ. ಮಗ, ನೆನಪು ಕಲಸಿಹೋಗಿದೆ ಅಮ್ಮ ಎಂದ. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಸುಧಾ ಆ ಸಿ.ಡಿ.ಯನ್ನು ಮುರಿದು ಕಸಕ್ಕೆ ಹಾಕಿದಳು. ನನಗೆ ಇವತ್ತಿಗೂ ತಿಳಿದಿಲ್ಲ. ತಡೆಯಬೇಕು ಎಂದು ನಾನು ಆಮೇಲೆ ಕೂಗಿದ ಕೂಗು ಕಳೆದುಹೋದ ಆ ದಿನಕ್ಕೆ ಹೋಗಿ ಅವಳನ್ನು ನಿಲ್ಲಿಸಿತೋ, ಅಥವಾ ಯಾರೋ ನನ್ನ ದನಿಯಲ್ಲಿ ಕರೆದರೋ. ಆವತ್ತೇ ಕರೆದಿದ್ದರೆ, ಅವಳಿನ್ನೂ ಗೇಟಿನ ಹತ್ತಿರ ಇದ್ದಾಗಲೇ ಕರೆದಿದ್ದರೆ, ಬಂದು ನೀರು ಕುಡಿಯುತ್ತಿದ್ದಳು. ಇದು ಮಾತ್ರ ಗೊತ್ತು.

ಈಗಲೂ ನಾಲ್ಕು ಗಂಟೆಗೆ ಆ ಬಾಗಿಲ ಹತ್ತಿರ ಹೋದರೆ ಅದೇ ಕೂಗು ಬಾಯಿಗೆ ಬರುತ್ತದೆ. ಯಾರ ಮುಂದೆಯೂ ಬಾಯಿ ಮುಚ್ಚದ ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಬರುತ್ತೇನೆ. ಆವತ್ತಿನಿಂದ ಅವಳ ಹೆಸರನ್ನು ದನಿಯೆತ್ತಿ ಹೇಳಿಲ್ಲ. ಬರೆದರೆ ಅವಳಿಗೆ ಕೇಳಿಸಲಾರದು ಎಂದುಕೊಂಡು ಇಲ್ಲಿ ಬರೆದಿದ್ದೇನೆ.