ಹಳೇ ಆಂಪ್ಲಿಫೈಯರ್‌ಗೆ ರಿಮೋಟು

ನಮ್ಮನಿಯವರಿಗೆ ಲಕ್ವಾ ಹೊಡದು ಬಲಗೈ, ಬಲಗಾಲು ಬಿದ್ದುಹೋದ್ವು. ಮಾತೂ ತೊದಲಾತು. ಈ ಮರಾಠಿ ಸೀಮಿಯ ಚಾಕಣದ ಕಾರ್ಖಾನಿಯೊಳಗ ಮಶೀನಿನ ಸಪ್ಪಳದಾಗ ಜನ್ಮಾ ಕಳದ ಮನಷ್ಯಾ. ಮನಿಯೊಳಗ ಅವರಿಗೆ ಪ್ರೀತಿಯ ಸಾಮಾನು ಅಂದ್ರ ಒಂದು ಹಳೇ ಆಂಪ್ಲಿಫೈಯರ್, ಅದರ ಮ್ಯಾಲೆ ಕೂಡೋ ರೇಡಿಯೋ ಟ್ಯೂನರ್. ಲಗ್ನಕ್ಕಿಂತ ಮೊದಲ ಕ್ಯಾಂಪ್ ಅನ್ನೋ ಪ್ಯಾಟಿಯ ಒಂದು ಅಂಗಡಿಯೊಳಗ ಸೆಕೆಂಡ್ ಹ್ಯಾಂಡ್ ತಗೊಂಡಿದ್ರು. ದಿನಾ ಮುಂಜಾನೆ ಅದನ್ನ ಹಚ್ಚೋದು ಅವರದ ಕೆಲಸ, ನಾ ಮುಟ್ಟಿದ್ರ ಸೇರತಿದ್ದಿಲ್ಲ.

ಈಗ ಹಾಸಿಗ್ಯಾಗಿಂದ ಅದರ ಕಡೆ ನೋಡಕೋತ ಮಲಗತಿದ್ರು. ನಾ ಹೋಗಿ ಹಚ್ಚಿದ್ರ ಮುಖಾ ಗ್ವಾಡಿ ಕಡೆ ತಿರುಗಸತಿದ್ರು. ಊಟ ಬರಬರತ ನಾಲ್ಕು ತುತ್ತಿಗೆ ಬಂತು. ಡಾಕ್ಟರು ನನ್ನ ಹೊರಗ ಕರದು ಹೇಳಿದ್ರು: "ಇವರು ಬದುಕೋ ಮನಸು ಬಿಟ್ಟಾರ. ಏನರ ಒಂದು ಕೆಲಸಾ ತಮ್ಮ ಕೈಲೆ ತಾವ ಮಾಡಬೇಕು. ಇಲ್ಲಾಂದ್ರ ನನ್ನ ಔಷಧ ಏನೂ ಮಾಡಂಗಿಲ್ಲ." ಆವತ್ತು ರಿಕ್ಷಾದಾಗ ಕೂತು ಮನಿ ತನಕಾ ಅತ್ತೆ.

ಹಿಂಜವಾಡಿಯ ಕಂಪ್ಯೂಟರ್ ಕಂಪನಿಯೊಳಗ ಕೆಲಸಾ ಮಾಡೋ ಮಗಳು, ಹೇಳಿದ ಮಾತು ಕೇಳೋ ಸ್ಪೀಕರ್ ಒಂದು ತಂದ್ಲು. ಇವರು "ಹಾಡು" ಅನ್ನಲಿಕ್ಕೆ ಹೋದ್ರ ಬಾಯಿಂದ "ಆ... ಆ..." ಅಷ್ಟ ಬರತಿತ್ತು. ಅದು ಇಂಗ್ಲಿಷಿನ್ಯಾಗ, ತಿಳೀಲಿಲ್ಲ, ಮತ್ತೊಮ್ಮೆ ಹೇಳ್ರಿ ಅಂತಿತ್ತು. ಮತ್ತ ಹೇಳಿದ್ರು. ಮತ್ತ ತಿಳೀಲಿಲ್ಲ ಅಂತು. ಇವರ ಕಣ್ಣಾಗ ನೀರು ಬಂದ್ವು. ಹಾಳಾಗಿ ಹೋಗಲಿ ಈ ಪೀಡಾ ಅಂತ ಅದನ್ನ ಡಬ್ಬಿಗೆ ತುರುಕಿ ವಾಪಸ್ ಕೊಟ್ಟೆ.

ದಾರಿ ತೋರಿಸಿದವರು ಇವರ ಕಾರ್ಖಾನಿಯ ಮರಾಠಿ ಗೆಳೆಯರೊಬ್ಬರು, ನನಗ ವಹಿನಿ ಅಂದ್ರ ಅತ್ತಿಗಿ ಅಂತ ಕರೀತಿದ್ರು. "ವಹಿನಿ, ಹೊಸಾದು ಯಾಕ? ಇದ್ದದ್ದಕ್ಕ ರಿಮೋಟ್ ಕೂಡಸೋಣು" ಅಂದ್ರು. ಒಂದು ಸಣ್ಣ ಪೆಟಿಗಿ ಮಾಡಿ ತಂದ್ರು. ಒಳಗ ರಿಲೇ ಅಂತ ಒಂದು ಸ್ವಿಚ್ಚು, ಮುಂದ ಕರೀ ಗಾಜಿನ ಒಂದು ಕಣ್ಣು. ಆಂಪ್ಲಿಫೈಯರ್, ಟ್ಯೂನರ್ ಎರಡರ ಸ್ವಿಚ್ಚೂ ಒತ್ತೇ ಇಟ್ಟು, ಪ್ಲಗ್ಗು ಆ ಪೆಟಿಗಿಗೆ ಹಾಕಿದ್ರು. ರಿಮೋಟ್ ಒತ್ತಿದ್ರ ಆ ಕಣ್ಣಿಗೆ ಕಾಣತದ, ಒಳಗ ಟಕ್ ಅಂತದ, ಎರಡಕ್ಕೂ ಕರೆಂಟ್ ಹೋಗತದ. ಮತ್ತ ಒತ್ತಿದ್ರ ಬಂದ್. ರಿಮೋಟಿಗೆ ಇದ್ದದ್ದು ಒಂದ ಬಟನ್ನು.

ಇವರ ಎಡಗೈ ಹೆಬ್ಬಟ್ಟು ಅದನ್ನ ಹುಡುಕಿ ಒತ್ತಿತು. ಟಕ್! ಡಯಲ್ಲಿನ ದೀಪಾ ಹತ್ತಿತು, ವಿಠ್ಠಲನ ಅಭಂಗ ಶುರು ಆತು. ಆವತ್ತು ಎರಡು ರೊಟ್ಟಿ ತಿಂದ್ರು! ಆಮ್ಯಾಲೆ ದಿನಾ ಮುಂಜಾನೆ ಆ ಟಕ್ ಕೇಳೋ ತನಕಾ ನನಗ ಚಹಾ ಗಂಟಲಾಗ ಇಳೀತಿದ್ದಿಲ್ಲ.

ಅಷ್ಟರಾಗ ಖಂಡೇನವಮಿ, ಆಯುಧ ಪೂಜಿ ಬಂತು. ನಮ್ಮ ಅತ್ಯಾರು ಧಾರವಾಡದವರು, ಪದ್ಧತಿ ಬಿಡೋ ಪೈಕಿ ಅಲ್ಲ. ಈಳಿಗಿ, ಮಿಕ್ಸರ್, ಸ್ಕೂಟರ್, ಎಲ್ಲಾದಕ್ಕೂ ತಾವ ಗಂಧ ಕುಂಕುಮ ಹಚ್ಚಿ ಹೂ ಏರಿಸಿದ್ರು. ಆಂಪ್ಲಿಫೈಯರ್‌ಗೂ ಆತು. ಪೂಜಿ ಆದ ಸಾಮಾನು ಆವತ್ತು ಯಾರೂ ಮುಟ್ಟಂಗಿಲ್ಲ. ಇವರೂ ತಲಿ ಆಡಿಸಿ ಒಪ್ಪಿದ್ರು.

ಮರುದಿನ ದಸರಾ. ಮುಂಜಾನೆ ಎದ್ದಕೂಡಲೆ ಬಟನ್ ಒತ್ತಿದ್ರು. ಏನೂ ಇಲ್ಲ. ಮತ್ತ ಒತ್ತಿದ್ರು, ತುಟಿ ಕಚ್ಚಿ ಒತ್ತಿದ್ರು. ಆಮ್ಯಾಲೆ ಹೆಬ್ಬಟ್ಟು ನೋಡಕೋತ ಕೂತ್ರು. ರಿಮೋಟ್ ಕೈಯಿಂದ ಜಾರಿ ಬಿತ್ತು. "ಇದೂ... ಹೋತು" ಅಂದ್ರು.

ನಾ ರಿಮೋಟ್ ಎತ್ತಿಕೊಂಡೆ. ಸೆಲ್ ಬದಲಿ ಮಾಡಿದೆ, ಪ್ಲಗ್ಗು ತಗದು ಮತ್ತ ಹಾಕಿದೆ, ಪೆಟಿಗಿಗೆ ಎರಡು ಬಡದೆ. ಹಬ್ಬದ ದಿನಾ ಆ ಗೆಳೆಯರಿಗೆ ಫೋನ್ ಹಚ್ಚಿ, ಇದೆಂಥಾ ಸುಡುಗಾಡು ಪೆಟಿಗಿ ಮಾಡಿಕೊಟ್ರಿ ಅಂತ ಬಾಯಿಗೆ ಬಂದಂಗ ಅಂದೆ. ಇತ್ತಾಗ ಇವರು ಹೋಳಿಗಿ ಇರಲಿ, ನೀರಿಗೂ ಬಾಯಿ ತಗೀಲಿಲ್ಲ.

ಮಧ್ಯಾಹ್ನ ಹೂವು ತಗೀಲಿಕ್ಕೆ ಹೋದಾಗ ಕಂಡ್ತು. ಪೆಟಿಗಿಯ ಕರೀ ಕಣ್ಣಿನ ಮ್ಯಾಲೆ, ಹೂವಿನ ಮರಿಗೆ, ಕುಂಕುಮ ಒಣಗಿ ದಪ್ಪಾಗಿ ಕೂತಿತ್ತು.

"ಅತ್ಯಾ, ಇಲ್ಲಿ ಯಾಕ ಹಚ್ಚಿದ್ರಿ?"

"ಮತ್ತೆಲ್ಲಿ ಹಚ್ಚಲೇ? ಅದಕ್ಕ ಹಣಿ ಇರೋದು ಅಲ್ಲೇ ಅಲ್ಲಾ?"

ನಗಬೇಕೋ ಅಳಬೇಕೋ ತಿಳೀಲಿಲ್ಲ. ಸೆರಗಿಲೆ ಒರೆಸಿ ರಿಮೋಟ್ ಒತ್ತಿದೆ, ಹತ್ತಿತು. ಬಂದ್ ಮಾಡಿ ಇವರ ಹತ್ರ ಓಡಿದೆ. "ನೋಡ್ರಿ, ಕುಂಕುಮದ ಕಾರಭಾರ. ನಿಮ್ಮ ಹೆಬ್ಬಟ್ಟಿಗೆ ಏನೂ ಆಗಿಲ್ಲ. ಒತ್ರಿ!" ಅಂದೆ. ನಾ ಸಮಾಧಾನ ಮಾಡಲಿಕ್ಕೆ ಸುಳ್ಳು ಹೇಳತೇನಿ ಅಂತ ತಿಳದ್ರು. ಹೆಬ್ಬಟ್ಟು ಬಟನ್ನಿನ ಮ್ಯಾಲೆ ಸುಮ್ಮ ಬಿದ್ದಿತ್ತು. ಶಕ್ತಿ ಹೋಗಿತ್ತೋ, ಮನಸು ಹೋಗಿತ್ತೋ, ದೇವರಿಗೇ ಗೊತ್ತು. ಕಡೀಕ ಅದರ ಮ್ಯಾಲೆ ನನ್ನ ಹೆಬ್ಬಟ್ಟು ಇಟ್ಟು ನಾನ ಒತ್ತಿದೆ. ಅಭಂಗ ಹತ್ತಿತು.

"ನೀ... ಒತ್ತಿದಿ" ಅಂದ್ರು. "ಬಂದ್... ಮಾಡ."

ನನ್ನ ತಲಿ ಕೆಟ್ಟುಹೋತು. "ಮಾಡಂಗಿಲ್ಲ! ನಿಮಗ ಬ್ಯಾಡಾದ್ರ ನೀವ ಮಾಡ್ರಿ. ಇಡೀ ದಿನಾ ಒದರಲಿ ಅದು!" ಅಂತ ಚೀರಿದೆ. ವಾಲ್ಯೂಮ್ ಇನ್ನಷ್ಟು ಏರಿಸಿದೆ. ರಿಮೋಟ್ ಅವರ ಎದಿ ಮ್ಯಾಲೆ ಇಟ್ಟು ಅಡಗಿಮನಿಗೆ ಹೋಗಿ ಒಲಿಕಟ್ಟಿ ಹಿಡಕೊಂಡು ನಿಂತೆ.

ಅತ್ಯಾರು ಹಿಂದ ಬಂದು "ಯಾಕವಾ ಕಾಡಸ್ತಿ ಅವನ್ನ, ಬಂದ್ ಮಾಡ ಹೋಗ" ಅಂದ್ರು. "ನೀವು ಸುಮ್ಮ ಕೂಡ್ರಿ" ಅಂದೆ. ಎಂದೂ ಅವರಿಗೆ ಹಂಗ ಅಂದಾಕಿ ಅಲ್ಲ ನಾನು. ಒಂದು ಅಭಂಗ ಮುಗೀತು, ಇನ್ನೊಂದು ಶುರು ಆತು. ದೇವರ ಹಾಡು ನಿಲ್ಲಲಿ ಅಂತ ಆ ದೇವರನ್ನ ಬೇಡಿಕೋತ ನಿಂತಿದ್ದೆ.

"ವಿಠ್ಠ..." ಅಂದದ್ದು ಅರ್ಧಕ್ಕ ಕಡೀತು. ಮನಿ ಗಪ್ ಆತು.

ಓಡಿ ಹೋಗಿ ನೋಡಿದ್ರ ರಿಮೋಟ್ ಅವರ ಕೈಯಾಗ ಇದ್ದಿಲ್ಲ. ಎಡಗೈಲೆ ಬಾಯಿ ತನಕಾ ತಂದು, ಬಟನ್ನು ಹಲ್ಲಿನಾಗ ಕಚ್ಚಿ ಹಿಡದಿದ್ರು. ಗದ್ದದ ತುಂಬ ಜೊಲ್ಲು. ಕಣ್ಣು ಕೆಂಪಗ ಮಾಡಿ ನನ್ನನ್ನ ನುಂಗೋ ಹಂಗ ನೋಡತಿದ್ರು. ಲಕ್ವಾ ಹೊಡದ ಮ್ಯಾಲೆ ಅವರು ನನ್ನ ಮ್ಯಾಲೆ ಸಿಟ್ಟಾಗಿದ್ದು ಅದ ಮೊದಲು.