ಕಾಡಂಚಿನ ಹೊಲಕ್ಕೆ ಕೊಟ್ಟ ಪಟಾಕಿ

ಬುಧವಾರ ಗುಂಡ್ಲುಪೇಟೆಯ ಶಾಲೆಯಲ್ಲಿ ನನ್ನ ಪಾಠ ನೆಲಕಚ್ಚಿತು. ಬಿ.ಎಡ್. ಅಭ್ಯಾಸಕ್ಕೆಂದು ನನಗೆ ಸಿಕ್ಕಿದ್ದು ಒಂಬತ್ತನೇ ತರಗತಿ. ಮೊದಲ ಮಹಾಯುದ್ಧದಲ್ಲಿ ಅಮೆರಿಕ ತನ್ನ ಜನರಿಗೆ ಬಾಂಡ್ ಮಾರಿ, ಬಂದ ಹಣವನ್ನು ಬ್ರಿಟನ್, ಫ್ರಾನ್ಸ್‌ನಂಥ ಮಿತ್ರರಾಷ್ಟ್ರಗಳಿಗೆ ಸಾಲ ಕೊಟ್ಟದ್ದೇ ಪಾಠ. ಆ ದಿನದ ಡೈರಿಯಲ್ಲಿ ಹೀಗಿದೆ: ಆಕಳಿಸಿದವರು ಹನ್ನೊಂದು, ಪ್ರಶ್ನೆ ಕೇಳಿದವನು ಒಬ್ಬ. ಅವನ ಪ್ರಶ್ನೆ: “ಬೆಲ್ ಆಯ್ತಾ ಮಿಸ್?”

ಪಾಠ ನೋಡಲು ಚಾಮರಾಜನಗರದ ನಮ್ಮ ಕಾಲೇಜಿನಿಂದ ಬಂದಿದ್ದ ಮೇಡಂ ಹೊರಗೆ ಕರೆದರು. “ಶುಕ್ರವಾರ ಇದೇ ಪಾಠ ಇನ್ನೊಂದ್ಸಲ ಮಾಡು. ಮಕ್ಕಳು ಹೀಗೇ ಕೂತಿದ್ರೆ ಪಾಸ್ ಮಾಡಲ್ಲ ಕಣಮ್ಮಾ.” ಪಾಸಾಗದಿದ್ದರೆ ಇಡೀ ಅಭ್ಯಾಸವನ್ನು ಮುಂದಿನ ವರ್ಷ ಮತ್ತೆ ಮಾಡಬೇಕು.

ಗುರುವಾರ ಆಕಳಿಸಿದವರನ್ನೇ ಹಿಡಿದು ಕೇಳಿದೆ. “ಹೊಲ ಕಾಯಕ್ಕೆ ಓಗಿದ್ದೋ ಮಿಸ್, ಆನೆ ಕಾಟ,” ಎಂದರು. ನಾನೂ ಇದೇ ಕಾಡಂಚಿನ ಭೀಮನಬೀಡಿನವಳೇ. ಅಪ್ಪನ ಜೊತೆ ಹೊಲ ಕಾಯುವ ಅಟ್ಟಣೆಯ ಮೇಲೆ ಎಷ್ಟೋ ಸಲ ಕೂತವಳು. ಇವರಿಗೆ ಯುದ್ಧ ಗೊತ್ತಿಲ್ಲವೆಂದು ನಾನು ಯಾಕೆ ಅಂದುಕೊಂಡೆನೋ!

ಶುಕ್ರವಾರ ಬೋರ್ಡಿನ ಮೇಲೆ ಕಾಡು ಬರೆದೆ. ಅದಕ್ಕೆ ಹೊಂದಿಕೊಂಡಂತೆ ಪಕ್ಕದೂರಿನ ಹೊಲ, ಅದರ ಹಿಂದೆ ನಮ್ಮೂರು.

“ಆನೆ ಬರ್ತಿದೆ. ಕಾಡಂಚಿನವನ ಹತ್ರ ಆನೆ ಓಡ್ಸೋ ಪಟಾಕಿ ಖಾಲಿ. ನಮ್ಮೂರ ಯಜಮಾನ ಪಟಾಕಿ ಸಾಲ ಕೊಡಬೇಕು, ಅವನ ಹತ್ರಾನೂ ದುಡ್ಡಿಲ್ಲ. ಏನ್ ಮಾಡ್ತಾನೆ?”

“ಮನೆಮನೇಲಿ ದುಡ್ಡು ಎತ್ತಾನೆ ಮಿಸ್.”

“ಸುಮ್ನೆ ಕೊಟ್ಬಿಡ್ತೀರಾ?”

“ಚೀಟಿ ಬರ್ಕೊಡ್ಲಿ, ಸುಗ್ಗಿ ಆದ್ಮೇಲೆ ಬಡ್ಡಿ ಸೇರ್ಸಿ ಕೊಡ್ತೀನಿ ಅಂತ!”

ಆ ಚೀಟಿಯೇ ಬಾಂಡ್, ನಮ್ಮೂರೇ ಅಮೆರಿಕ, ಕಾಡಂಚಿನವನೇ ಬ್ರಿಟನ್, ಫ್ರಾನ್ಸ್ ಎಂದು ಬರೆದೆ. ಎತ್ತಿದ ದುಡ್ಡಿಗೆ ಪಟಾಕಿ ಕೊಂಡದ್ದು ನಮ್ಮೂರ ಅಂಗಡಿಯಲ್ಲೇ. ಅಮೆರಿಕ ಕೊಟ್ಟ ಸಾಲದಲ್ಲೂ ಬಹುಪಾಲು ಹಾಗೇ ಅಲ್ಲಿನ ಗೋಧಿಗೆ, ಮದ್ದುಗುಂಡಿಗೆ ಖರ್ಚಾಯಿತು ಎಂದೆ. ತಲೆಗಳು ಆಡಿದವು.

“ಸರಿ, ಆನೆ ಓಡಿಹೋಯ್ತು. ಈಗ ಕಾಡಂಚಿನವನು ಸಾಲ ತೀರಿಸ್ಬೇಕಾ?”

ಹಿಂದಿನ ಬೆಂಚಿನ ಹುಡುಗ ಎದ್ದ. “ತೀರುಸ್ಲೇಬೇಕು. ಇಲ್ದಿದ್ರೆ ಚೀಟಿ ಇಟ್ಕಂಡೋರ್ಗೆ ಯಜಮಾನ ಎಲ್ಲಿಂದ ತಂದ್ಕೊಟ್ಟಾನು?”

ಕಿಟಕಿ ಪಕ್ಕದ ಹುಡುಗಿ ಬಿಡಲಿಲ್ಲ. “ಓಗ್ಲಾ! ಆನೆ ಮುಂದೆ ನಿಂತೋನು ಅವ್ನು. ನೀನು ಕಂಬ್ಳಿ ಒದ್ಕಂಡು ಮಲ್ಗಿದ್ದೆ. ನಿನ್ ಹೊಲ ಉಳೀತಲ್ಲ, ಅದ್ರ ಲೆಕ್ಕ ಯಾರು ಆಕಾದು?”

“ಅವ್ನ್ ಹೊಲಾನೂ ಉಳೀತು ಕಣಮ್ಮಿ!”

“ಎಲ್ಲುಳೀತು? ಅರ್ಧ ತುಳ್ದಾಕ್ಬುಡ್ತು!”

ತರಗತಿ ಎರಡು ಹೋಳಾಯಿತು. ಯುದ್ಧ ಮುಗಿದ ಮೇಲೆ ಆ ದೇಶಗಳು ಆಡಿದ ಜಗಳವೂ ಇದೇ ಎಂದು ಗದ್ದಲದ ನಡುವೆ ಕೂಗಿ ಹೇಳಿದೆ. ನಾವು ಪ್ರಾಣ ಕೊಟ್ಟೆವು, ನೀವು ಹಣ ಕೊಟ್ಟಿರಿ ಎಂದರು ಸಾಲ ಪಡೆದವರು. ನಮ್ಮ ಜನರ ಬಾಂಡಿಗೆ ನಾವು ಉತ್ತರ ಹೇಳಬೇಕಲ್ಲ ಎಂದರು ಕೊಟ್ಟವರು. ಕೊನೆಗೆ ಬಹಳಷ್ಟು ಸಾಲ ತೀರಲೇ ಇಲ್ಲ. “ಅಂಗಂದ್ರೆ ಮೋಸ ಮಿಸ್!” ಎಂದಿತು ಒಂದು ಕಡೆ. “ನ್ಯಾಯ!” ಎಂದಿತು ಇನ್ನೊಂದು.

ಮೂಲೆಯಲ್ಲಿ ಅಂಕ ಹಾಕುತ್ತಿದ್ದ ಮೇಡಂ ಪೆನ್ನು ಕೆಳಗಿಟ್ಟು, “ಅರ್ಧ ತೀರಿಸ್ಲಿ ಬಿಡ್ರೋ,” ಎಂದರು. ಅಷ್ಟೂ ಮುಖಗಳು ಅವರತ್ತ ತಿರುಗಿದವು.

“ಚೀಟಿ ನಿಮ್ದಾಗಿದ್ರೆ ಅರ್ಧಕ್ಕೆ ಒಪ್ತಿದ್ರಾ ಮೇಡಂ?” ಎಂದ ಹಿಂದಿನ ಬೆಂಚಿನವನು.

ಮೇಡಂ ನಕ್ಕುಬಿಟ್ಟರು. “ಪಾಸು ಕಣಮ್ಮಾ,” ಎಂದು ಅಲ್ಲೇ, ಮಕ್ಕಳ ಮುಂದೆಯೇ ಹೇಳಿದರು. ನನಗಿಂತ ಹೆಚ್ಚು ಹಿಗ್ಗಿ ಚಪ್ಪಾಳೆ ತಟ್ಟಿದ್ದು ಮಕ್ಕಳೇ.

ಸಂಜೆ ಮೇಡಂ ಅವರನ್ನು ಬಸ್ ಹತ್ತಿಸಲು ಹೋದೆ. ಮೇಡಂ ಕಿಟಕಿಯಿಂದ ಬಗ್ಗಿ ಕೇಳಿದರು: “ಅಲ್ಲ ಕಣಮ್ಮಾ, ಬಡ್ಡಿ ಬಿಟ್ಟು ಬರೀ ಅಸಲು ಕೊಟ್ರೆ ಆ ಹುಡುಗಿ ಒಪ್ತಾಳಾ?”